ಅಳಿಸಿ ಬರೆದ ಹೊತ್ತಗೆ: ಸೀನಾಯಿಯ ಅವಳಿ ಸಹೋದರಿಯರ ವಿದ್ಯಾಜೀವನ

ಕೆಲವು ವರ್ಷಗಳ ಕೆಳಗೆ ಹತ್ತನೆಯ ತರಗತಿಯಲ್ಲಿ ಮಾರ್ಕನು ಬರೆದ ಸುವಾರ್ತೆಯ ಕಡೆಯ ಅಧ್ಯಾಯವನ್ನು ನಾನು ಕಲಿಸುತ್ತಿದ್ದಾಗ, ಹಿಂದಿನ ಬೆಂಚಿನಲ್ಲಿ ಕೂಡ್ರುತ್ತಿದ್ದ ಒಬ್ಬ ಹುಡುಗಿಯು ಎದ್ದು ನಿಂತು, "ಅಮ್ಮನವರೇ, ಎಂಟನೆಯ ವಚನದ ನಂತರದ ಭಾಗವು ಕೆಲವು ಹಳೆಯ ಪ್ರತಿಗಳಲ್ಲಿ ಇಲ್ಲವೆಂದು ಪುಟದ ಅಡಿಯಲ್ಲಿ ಸಣ್ಣಕ್ಷರಗಳಿಂದ ಅಚ್ಚು ಮಾಡಿದ್ದಾರೆ. ಆ ಹಳೆಯ ಪ್ರತಿಗಳು ಎಲ್ಲಿವೆ? ಅವನ್ನು ನೋಡಿದವರು ಯಾರು?" ಎಂದು ಕೇಳಿದಳು. ಪರೀಕ್ಷೆಗೆ ಹದಿನೈದು ದಿನಗಳು ಮಾತ್ರ ಉಳಿದಿದ್ದವು. "ಅದು ಪಂಡಿತರ ವಿಷಯ, ನೀನು ಪಾಠದಲ್ಲಿರುವದನ್ನು ಓದು" ಎಂದು ಹೇಳಿ ಆಕೆಯನ್ನು ಕೂಡ್ರಿಸಿದೆನು. ಹುಡುಗಿಯು ವಿಧೇಯಳಾಗಿ ಕೂತಳು. ವರ್ಷದ ಕೊನೆಯ ವರೆಗೂ ಆಕೆ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಇದು ನನ್ನ ಮನಸ್ಸನ್ನು ಆಗಾಗ್ಗೆ ಚುಚ್ಚುತ್ತಿರುವದು. ಈ ಸ್ಮರಣ ಸಂಚಿಕೆಗೆ ಒಂದು ಪಾಠರೂಪವಾದ ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಬೇರೆ ವಿಷಯವನ್ನು ಹುಡುಕದೆ ಆ ಪ್ರಶ್ನೆಗೇ ಉತ್ತರವನ್ನು ಬರೆಯಲು ಕೂತಿರುವೆನು.

ಹಳೆಯ ಪ್ರತಿಗಳನ್ನು ನೋಡಿದವರಲ್ಲಿ ಇಬ್ಬರು ಸ್ತ್ರೀಯರು ಇದ್ದರು. ಅವರು ಅವಳಿ ಮಕ್ಕಳು. ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಓದಿ ಪದವಿಯನ್ನು ಪಡೆದವರಲ್ಲ. ಆದಾಗ್ಯೂ ಆದಿಸಭೆಯ ಚರಿತ್ರೆಯನ್ನು ಅಭ್ಯಾಸ ಮಾಡುವವರು ಇಂದಿಗೂ ಅವರ ಹೆಸರುಗಳನ್ನು ಬಿಟ್ಟು ಮುಂದೆ ಹೋಗಲಾರರು.

ಆಗ್ನೆಸ್ ಮತ್ತು ಮಾರ್ಗರೆಟ್ ಸ್ಮಿತ್ ಎಂಬವರು 1843ನೆಯ ಇಸವಿ ಜನವರಿ 11ನೆಯ ತಾರೀಖಿನಲ್ಲಿ ಸ್ಕಾಟ್ಲೆಂಡ್ ದೇಶದ ಅರ್ವಿನ್ ಎಂಬ ಊರಿನಲ್ಲಿ ಹುಟ್ಟಿದರು. ಹೆತ್ತ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡಳು. ವಕೀಲನಾಗಿದ್ದ ತಂದೆಯು ಮರುಮದುವೆ ಮಾಡಿಕೊಳ್ಳದೆ, ಗಂಡುಮಕ್ಕಳಿಗೆ ಕೊಡಿಸುವಂಥ ವಿದ್ಯೆಯನ್ನೇ ಇವರಿಗೂ ಕೊಡಿಸಿದನು. ಒಂದು ಭಾಷೆಯನ್ನು ಚೆನ್ನಾಗಿ ಕಲಿತರೆ ಆ ಭಾಷೆಯನ್ನಾಡುವ ದೇಶಕ್ಕೆ ಕರೆದುಕೊಂಡು ಹೋಗುವೆನೆಂದು ಅವನು ಮಾತು ಕೊಟ್ಟಿದ್ದನಂತೆ. ಹೀಗೆ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳು ಅವರ ಸ್ವಾಧೀನವಾದವು. 1866ರಲ್ಲಿ ತಂದೆಯೂ ತೀರಿಹೋದಾಗ ಇಪ್ಪತ್ತಮೂರು ವಯಸ್ಸಿನ ಈ ಇಬ್ಬರ ಕೈಗೆ ಬಹು ದೊಡ್ಡ ಆಸ್ತಿಯು ಬಂದಿತು. ಹಣವಿದ್ದದ್ದರಿಂದಲೇ ಅವರಿಗೆ ಇದೆಲ್ಲ ಸಾಧ್ಯವಾಯಿತೆಂದು ಹೇಳುವವರುಂಟು. ಹಣವಿಲ್ಲದೆ ಆಗುತ್ತಿರಲಿಲ್ಲವೆಂಬದು ನಿಜವೇ. ಆದರೆ ಅಷ್ಟೇ ಹಣವಿದ್ದ ಬೇರೆ ಹೆಂಗಸರು ಸುರಿಯಾನಿ ವ್ಯಾಕರಣವನ್ನು ಬಾಯಿಪಾಠ ಮಾಡಿದ್ದನ್ನು ನಾನು ಕೇಳಿಲ್ಲ. 1868ರಲ್ಲಿ ಅವರು ಐಗುಪ್ತಕ್ಕೂ ಪಾಲೆಸ್ತೀನಕ್ಕೂ ಹೊರಟಾಗ, ಹಿಂದೆ ತಮಗೆ ಕಲಿಸಿದ್ದ ಒಬ್ಬ ಉಪಾಧ್ಯಾಯಿನಿಯನ್ನೂ ಜೊತೆಗೆ ಕರೆದುಕೊಂಡು ಹೋದರು. ಉಪಾಧ್ಯಾಯಿನಿಯಾದ ನಾನು ಈ ಸಂಗತಿಯನ್ನು ಹೇಳದೆ ಬಿಡಲಾರೆನು.

ಅನಂತರ ಅವರು ಈಗಿನ ಗ್ರೀಕರು ಆಡುವ ಗ್ರೀಕ್ ಭಾಷೆಯನ್ನು ಕಲಿತರು. ಇಬ್ಬರೂ ತಡವಾಗಿ ಮದುವೆಯಾದರು, ಇಬ್ಬರೂ ಬೇಗನೆ ವಿಧವೆಯರಾದರು. ಮಾರ್ಗರೆಟ್ ಗಿಬ್ಸನ್ ಅಮ್ಮನವರ ಪತಿಯು 1886ರಲ್ಲಿಯೂ, ಆಗ್ನೆಸ್ ಲೂಯಿಸ್ ಅಮ್ಮನವರ ಪತಿಯು 1891ರಲ್ಲಿಯೂ ತೀರಿಹೋದರು. ಐವತ್ತರ ಹೊಸ್ತಿಲಲ್ಲಿದ್ದ ಅಕ್ಕತಂಗಿಯರು ಕೇಂಬ್ರಿಜ್ ಪಟ್ಟಣದ ಮನೆಯಲ್ಲಿ ಮತ್ತೆ ಇಬ್ಬರೇ ಉಳಿದರು. ಅವರ ನಿಜವಾದ ವಿದ್ಯಾಜೀವನವು ಇಲ್ಲಿಂದ ಆರಂಭವಾಗುವದು.

ಸೀನಾಯಿ ಬೆಟ್ಟದ ಬುಡದಲ್ಲಿ ಸಂತ ಕ್ಯಾಥರೀನಳ ಹೆಸರಿನ ಮಠವುಂಟು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಅದನ್ನು ಕೋಟೆಯ ಹಾಗೆ ಕಟ್ಟಿಸಿದನು. ಮಳೆಯಿಲ್ಲದ ಅರಣ್ಯದ ಒಣ ಗಾಳಿಯಲ್ಲಿ ಪುಸ್ತಕಗಳಿಗೆ ಹುಳವೂ ಬೂಸರವೂ ಕಡಿಮೆ. ಆದದರಿಂದ ಬೇರೆ ಕಡೆಗಳಲ್ಲಿ ನಾಶವಾಗಿ ಹೋದ ಹೊತ್ತಗೆಗಳು ಅಲ್ಲಿ ಉಳಿದವು. 1859ರಲ್ಲಿ ಟಿಶೆಂಡಾರ್ಫ್ ಎಂಬ ಜರ್ಮನ್ ಪಂಡಿತನು ನಾಲ್ಕನೆಯ ಶತಮಾನದ ಒಂದು ಗ್ರೀಕ್ ಸತ್ಯವೇದವನ್ನು ಅಲ್ಲಿಂದ ಒಯ್ದು ರಷ್ಯದ ಚಕ್ರವರ್ತಿಗೆ ಒಪ್ಪಿಸಿದನು. ಎರವಲಾಗಿ ಕೊಟ್ಟದ್ದು ಹಿಂದಕ್ಕೆ ಬರಲಿಲ್ಲವೆಂದು ಮಠದವರ ದೂರು. 1933ರಲ್ಲಿ ಸೋವಿಯತ್ ಸರಕಾರವು ಅದನ್ನು ಒಂದು ಲಕ್ಷ ಪೌಂಡುಗಳಿಗೆ ಬ್ರಿಟಿಷ್ ಮ್ಯೂಸಿಯಮಿಗೆ ಮಾರಿತು. ಈ ನೋವನ್ನು ಉಂಡಿದ್ದ ಸನ್ಯಾಸಿಗಳು ಪರದೇಶದ ಪಂಡಿತರನ್ನು ಸುಲಭವಾಗಿ ನಂಬುತ್ತಿರಲಿಲ್ಲ.

1889ರಲ್ಲಿ ರೆಂಡಲ್ ಹ್ಯಾರಿಸ್ ಎಂಬ ಸಜ್ಜನ ವಿದ್ವಾಂಸರು ಆ ಮಠದಲ್ಲಿ ಅರಿಸ್ಟೈಡೀಸನು ಬರೆದ ವಿಶ್ವಾಸ ಸಮರ್ಥನೆಯ ಸುರಿಯಾನಿ ಭಾಷಾಂತರವನ್ನು ಕಂಡುಹಿಡಿದರು. ಇದು ಕ್ರೈಸ್ತರನ್ನು ರಾಜ್ಯವು ಹಿಂಸಿಸುತ್ತಿದ್ದ ಎರಡನೆಯ ಶತಮಾನದಲ್ಲಿ ಬರೆದ ಗ್ರಂಥವಾಗಿದ್ದು, ಕಳೆದುಹೋಯಿತೆಂದು ಎಲ್ಲರೂ ಭಾವಿಸಿದ್ದರು. ಕತ್ತಲೆಯ ಒಂದು ಕೋಣೆಯ ಪೆಟ್ಟಿಗೆಗಳಲ್ಲಿ ಇನ್ನೂ ಸುರಿಯಾನಿ ಹೊತ್ತಗೆಗಳು ಬಿದ್ದಿವೆಯೆಂದು ಹ್ಯಾರಿಸರು ಹೇಳಿದ್ದನ್ನು ಲೂಯಿಸ್ ಅಮ್ಮನವರು ಮರೆಯಲಿಲ್ಲ. ಸುರಿಯಾನಿ ವ್ಯಾಕರಣವನ್ನು ಹಿಡಿದು ಕೂತರು. ಗಿಬ್ಸನ್ ಅಮ್ಮನವರು ಅರಬ್ಬಿಯನ್ನು ಬಲಪಡಿಸಿಕೊಂಡರು. ಹ್ಯಾರಿಸರು ಇಬ್ಬರಿಗೂ ಛಾಯಾಚಿತ್ರ ತೆಗೆಯುವದನ್ನು ಕಲಿಸಿ, ತಮ್ಮ ಸಾಧನಗಳನ್ನೂ ಎರವಲು ಕೊಟ್ಟರು. 1892ರ ಆರಂಭದಲ್ಲಿ ಸಹೋದರಿಯರು ಸೂಯೆಜಿನಿಂದ ಒಂಟೆಗಳ ಮೇಲೆ ಸುಮಾರು ಒಂಬತ್ತು ದಿನಗಳ ದಾರಿಯನ್ನು ನಡೆದು ಮಠದ ಬಾಗಿಲಿಗೆ ಬಂದರು.

ಅವರನ್ನು ಒಳಗೆ ಸೇರಿಸಿದ್ದು ಯಾವದು? ಪಂಡಿತರು ಪುಸ್ತಕದಿಂದ ಕಲಿತ ಗ್ರೀಕನ್ನು ಬಲ್ಲರು, ಆದರೆ ಅದನ್ನು ಉಚ್ಚರಿಸಿದರೆ ಗ್ರೀಕ್ ಸನ್ಯಾಸಿಗಳಿಗೆ ತಿಳಿಯದು. ಈ ಅಮ್ಮನವರಾದರೋ ಮನೆಯವರು ಮಾತಾಡುವ ಹಾಗೆ ಮಾತಾಡಿದರು. ಪುಸ್ತಕಭಂಡಾರದ ಗಲಾಕ್ತಿಯೋನ್ ಎಂಬ ಸನ್ಯಾಸಿಯು ಪೆಟ್ಟಿಗೆಗಳನ್ನು ತೆರೆದು ಕೊಟ್ಟನು. ಮುಂದೆ ಅವನೂ ಈ ಸಹೋದರಿಯರೂ ಜೀವಮಾನವೆಲ್ಲ ಸ್ನೇಹಿತರಾಗಿದ್ದರು.

ಪೆಟ್ಟಿಗೆಯೊಳಗಿಂದ ಬಂದದ್ದರಲ್ಲಿ ಒಂದು ಕೊಳಕಾದ ದಪ್ಪ ಹೊತ್ತಗೆ. ಅದರ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚಹದ ಕೆಟಲಿನ ಹಬೆಯನ್ನು ಹಿಡಿದು ಅವುಗಳಲ್ಲಿ ಕೆಲವನ್ನು ಬಿಡಿಸಬೇಕಾಯಿತು.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ನಮ್ಮ ಹಿರಿಯರು, ಮುಖ್ಯವಾಗಿ ವರ್ತಕರು, ಕಡತವೆಂಬದನ್ನು ಇಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಲಿನ ಪುಡಿಯನ್ನು ಸವರಿ, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುವರು. ಲೆಕ್ಕ ತೀರಿದ ಮೇಲೆ ಅಳಿಸಿ ಬೇರೆ ಲೆಕ್ಕವನ್ನು ಬರೆಯುವರು. ಪಶ್ಚಿಮ ದೇಶಗಳಲ್ಲಿ ಪುಸ್ತಕಕ್ಕೆ ಕುರಿ ಮೇಕೆಗಳ ತೊಗಲನ್ನು ಹದಮಾಡಿ ಉಪಯೋಗಿಸುತ್ತಿದ್ದರು. ಒಂದು ಪುಸ್ತಕಕ್ಕೆ ಒಂದು ಮಂದೆಯೇ ಬೇಕಾಗುತ್ತಿದ್ದದರಿಂದ, ಹಳೆಯ ಪುಸ್ತಕದ ಮಸಿಯನ್ನು ತೊಳೆದು ಕೆರೆದು ಅದೇ ಹಾಳೆಗಳ ಮೇಲೆ ಹೊಸದನ್ನು ಬರೆಯುವದುಂಟು. ಆದರೆ ತೊಗಲು ಮಸಿಯನ್ನು ಪೂರ್ಣವಾಗಿ ಬಿಟ್ಟುಕೊಡುವದಿಲ್ಲ. ನೂರಾರು ವರ್ಷಗಳ ನಂತರ ಅಡಿಯ ಬರಹವು ತುಕ್ಕಿನ ಬಣ್ಣದಲ್ಲಿ ಮೇಲಿನ ಸಾಲುಗಳ ನಡುವೆ ಇಣುಕುವದು.

ಈ ಹೊತ್ತಗೆಯ ಮೇಲಿನ ಬರಹವು ಪರಿಶುದ್ಧ ಸ್ತ್ರೀಯರ ಚರಿತ್ರೆಗಳು: ತೆಕ್ಲ, ಯೂಜೀನಿಯ, ಪೆಲಾಗಿಯ, ಬಾರ್ಬರ ಮೊದಲಾದವರ ಕಥೆಗಳು. ಯೋಹಾನನೆಂಬ ಏಕಾಂತವಾಸಿಯು ಅದನ್ನು ಏಳನೆಯ ಅಥವಾ ಎಂಟನೆಯ ಶತಮಾನದಲ್ಲಿ ಬರೆದನು. ಅವುಗಳನ್ನು ಓದುತ್ತಿದ್ದ ಲೂಯಿಸ್ ಅಮ್ಮನವರ ಕಣ್ಣು ಅಡಿಯ ಎರಡು ಕಾಲಮುಗಳ ಮೇಲೆ ಬಿತ್ತು. ಪುಟಗಳ ತಲೆಯಲ್ಲಿ ಸುವಾರ್ತಿಕರ ಹೆಸರುಗಳಿದ್ದವು. ಸುರಿಯಾನಿಯ ಸುವಾರ್ತೆಗಳು! ಮೇಲಿನದೇ ಅಷ್ಟು ಹಳೆಯದಾದ ಮೇಲೆ ಅಡಿಯದು ಇನ್ನೆಷ್ಟು ಹಳೆಯದಾಗಿರಬೇಕು? ಸಹೋದರಿಯರು ಹಾಳೆ ಹಾಳೆಯಾಗಿ ಚಿತ್ರ ತೆಗೆದು, ನೂರಾರು ಚಿತ್ರಗಳೊಂದಿಗೆ ಕೇಂಬ್ರಿಜಿಗೆ ಮರಳಿದರು.

ಅಲ್ಲಿ ಬರ್ಕಿಟ್ ಮತ್ತು ಬೆನ್ಸ್ಲಿ ಎಂಬ ಪಂಡಿತರು ಚಿತ್ರಗಳನ್ನು ನೋಡಿ ಬೆರಗಾದರು. ಸುರಿಯಾನಿಯು ನಮ್ಮ ಕರ್ತನು ಆಡಿದ ಅರಾಮ್ಯ ಭಾಷೆಯ ಹತ್ತಿರದ ಬಳಗ; ಮಲೆಯಾಳದ ಸುರಿಯಾನಿ ಕ್ರೈಸ್ತರ ಆರಾಧನೆಯ ಭಾಷೆಯೂ ಅದೇ. ಸುವಾರ್ತೆಗಳು ಮೊದಲು ಗ್ರೀಕಿನಲ್ಲಿ ಬರೆಯಲ್ಪಟ್ಟರೂ ಬಹು ಬೇಗನೆ ಸುರಿಯಾನಿಗೆ ತರಲ್ಪಟ್ಟವು. ಆ ಹಳೆಯ ಭಾಷಾಂತರದ ಒಂದೇ ಒಂದು ಪ್ರತಿಯು, ಅದೂ ಹರಕು ಮುರುಕಾಗಿ, ಅಲ್ಲಿಯ ವರೆಗೆ ತಿಳಿದಿತ್ತು. ಅದನ್ನು ಕ್ಯೂರ್ಟನ್ ಎಂಬವರು 1858ರಲ್ಲಿ ಅಚ್ಚು ಹಾಕಿಸಿದ್ದರು. ಸೀನಾಯಿಯದು ಎರಡನೆಯದು. ನಾಲ್ಕನೆಯ ಶತಮಾನದ ಕೊನೆ ಅಥವಾ ಐದನೆಯದರ ಆರಂಭದಲ್ಲಿ ಬರೆದದ್ದು.

1893ರಲ್ಲಿ ಬೆನ್ಸ್ಲಿ, ಬರ್ಕಿಟ್, ಹ್ಯಾರಿಸ್ ಇವರು ಸಹೋದರಿಯರೊಂದಿಗೆ ಮಠಕ್ಕೆ ಹೋಗಿ ಸುಮಾರು ನಲವತ್ತು ದಿನಗಳು ಸರದಿಯ ಮೇಲೆ ಕೂತು ಅಡಿಯ ಬರಹವನ್ನು ನಕಲು ಮಾಡಿದರು. ಮಸುಕಾದ ಅಕ್ಷರಗಳನ್ನು ಎಬ್ಬಿಸುವದಕ್ಕೆ ಲೂಯಿಸ್ ಅಮ್ಮನವರು ಒಂದು ರಾಸಾಯನಿಕ ದ್ರಾವಣವನ್ನು ಉಪಯೋಗಿಸಿದರು. ಅದರ ನಾತವು ಸಹಿಸಲಸಾಧ್ಯವಾದದ್ದು. (ಇಂದಿನ ಗ್ರಂಥಪಾಲಕರು ಅಂಥದನ್ನು ಹಳೆಯ ತೊಗಲಿನ ಹತ್ತಿರಕ್ಕೂ ತರಗೊಡಿಸುವದಿಲ್ಲ.) ಹಿಂದಿರುಗಿದ ಕೆಲವೇ ದಿನಗಳಲ್ಲಿ ಬೆನ್ಸ್ಲಿಯವರು ತೀರಿಹೋದರು. ಯಾರು ಕಂಡುಹಿಡಿದರು, ಯಾರು ಗುರುತಿಸಿದರು ಎಂಬ ವಿಷಯದಲ್ಲಿ ಬೇಸರದ ಮಾತುಗಳು ಹುಟ್ಟಿದವು. ವಿದ್ವಾಂಸರೂ ಮನುಷ್ಯರೇ. 1894ರಲ್ಲಿ ಗ್ರಂಥವು ಪ್ರಕಟವಾದಾಗ ಸಂಪಾದಕರೆಂದು ಮೂವರು ಗಂಡಸರ ಹೆಸರುಗಳಿದ್ದವು, ಪೀಠಿಕೆಯು ಲೂಯಿಸ್ ಅಮ್ಮನವರದು. ನಮ್ಮ ಕಿಟ್ಟೆಲ್ ದೊರೆಗಳ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದೂ ಇದೇ ವರ್ಷವೆಂಬದನ್ನು ವಿದ್ಯಾರ್ಥಿನಿಯರು ನೆನಪಿನಲ್ಲಿಡಬಹುದು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುವೆನು. ಸೀನಾಯಿಯ ಈ ಸುರಿಯಾನಿ ಪ್ರತಿಯಲ್ಲಿ ಮಾರ್ಕನ ಸುವಾರ್ತೆಯು 16ನೆಯ ಅಧ್ಯಾಯದ 8ನೆಯ ವಚನಕ್ಕೆ ಮುಗಿಯುವದು. ಸಮಾಧಿಯಿಂದ ಓಡಿದ ಸ್ತ್ರೀಯರು ಭಯದಿಂದ ಯಾರಿಗೂ ಏನೂ ಹೇಳಲಿಲ್ಲವೆಂಬಲ್ಲಿಗೆ ನಿಂತು, ಅದರ ಕೆಳಗೆ ಲೂಕನ ಸುವಾರ್ತೆಯು ಆರಂಭವಾಗುವದು. ಟಿಶೆಂಡಾರ್ಫನು ಒಯ್ದ ಗ್ರೀಕ್ ಪ್ರತಿಯೂ, ರೋಮಿನ ವ್ಯಾಟಿಕನ್ ಭಂಡಾರದ ಗ್ರೀಕ್ ಪ್ರತಿಯೂ ಅಲ್ಲಿಯೇ ನಿಲ್ಲುವವು. ಹಾಗಾದರೆ ಉಳಿದ ಹನ್ನೆರಡು ವಚನಗಳು ನಿನ್ನೆ ಮೊನ್ನೆ ಸೇರಿದವುಗಳೋ? ಅದೂ ಅಲ್ಲ. ಎರಡನೆಯ ಶತಮಾನದ ಕೊನೆಯಲ್ಲಿ ಬರೆದ ಇರೇನಿಯಸ್ ಎಂಬ ಸಭಾಧ್ಯಕ್ಷನು ಆ ಭಾಗದ ಒಂದು ವಚನವನ್ನು ಮಾರ್ಕನದೆಂದೇ ಎತ್ತಿ ಹೇಳಿರುವನು. ಆದದರಿಂದ ಆ ಭಾಗವು ಬಹು ಪುರಾತನವಾದದ್ದು, ಆದರೆ ಎಲ್ಲಾ ಪ್ರತಿಗಳಲ್ಲಿ ಇದ್ದದ್ದಲ್ಲ. ಪುಟದ ಅಡಿಯ ಸಣ್ಣಕ್ಷರಗಳು ಹೇಳುವದು ಇಷ್ಟೇ. ಆದರೆ ಇಷ್ಟನ್ನು ಹೇಳುವದಕ್ಕೆ ಎಷ್ಟು ಜನರ ಕಣ್ಣುಗಳು ನೊಂದಿವೆ!

ಪ್ರತಿಗಳನ್ನು ತೂಗುವ ಕ್ರಮವು ಹೇಗೆಂದು ಕೇಳುವಿರಿ. ನಿಮ್ಮ ಮನೆಗೆಲಸದ ಪುಸ್ತಕಗಳನ್ನು ತಿದ್ದುವಾಗ ಮೂವರ ಲೆಕ್ಕದಲ್ಲಿ ಒಂದೇ ವಿಚಿತ್ರವಾದ ತಪ್ಪು ಕಂಡರೆ, ಆ ಮೂವರೂ ಒಂದೇ ಪುಸ್ತಕದಿಂದ ಬರೆದುಕೊಂಡರೆಂದು ನನಗೆ ತಿಳಿಯುವದು. ಅವು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ, ಒಬ್ಬರನ್ನೊಬ್ಬರು ನೋಡದವರು ಒಂದೇ ಪಾಠವನ್ನು ಬರೆದಿದ್ದರೆ ಮಾತ್ರ ಸಾಕ್ಷಿಯು ಬಲವಾಗುವದು. ಸುರಿಯಾನಿ ಪ್ರತಿಯ ಬೆಲೆಯು ಇಲ್ಲಿಯೇ ಇರುವದು. ನೂರು ಪ್ರತಿಗಳಿದ್ದರೆ ನೂರನ್ನೂ ಎಣಿಸಿ ಹೆಚ್ಚು ಮತಕ್ಕೆ ಗೆಲುವು ಕೊಡುವದು ಚುನಾವಣೆಯ ರೀತಿ, ವಿದ್ಯೆಯ ರೀತಿಯಲ್ಲ.

ಇನ್ನೂ ಕಠಿಣವಾದ ಸ್ಥಳವೊಂದು ಆ ಪ್ರತಿಯಲ್ಲಿತ್ತು. ಮತ್ತಾಯನ ಮೊದಲನೆಯ ಅಧ್ಯಾಯದ ವಂಶಾವಳಿಯಲ್ಲಿ, 16ನೆಯ ವಚನದಲ್ಲಿ, ಯೇಸುವನ್ನು ಪಡೆದವನು ಯೋಸೇಫನೆಂಬರ್ಥದ ಮಾತು ಅಲ್ಲಿದೆ. ಅದೇ ವಚನದಲ್ಲಿ ಮರಿಯಳನ್ನು ಕನ್ನಿಕೆಯೆಂದು ಕರೆದಿದೆ. ಮುಂದೆ ಪವಿತ್ರಾತ್ಮನಿಂದಾದ ಗರ್ಭವೆಂಬ ದೇವದೂತನ ಮಾತೂ ಹಾಗೆಯೇ ಉಳಿದಿದೆ. ಇದು ಹೊರಬಿದ್ದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಸಹೋದರಿಯರು ದೃಢಭಕ್ತಿಯುಳ್ಳ ಪ್ರೆಸ್ಬಿಟೀರಿಯನ್ ಸಭೆಯವರು. ತಮ್ಮ ವಿಶ್ವಾಸಕ್ಕೆ ಮುಳ್ಳಾಗಿ ಕಾಣುವ ಒಂದು ಸಾಲನ್ನು ಮಸುಕಾಗಿದೆಯೆಂದು ಬಿಟ್ಟುಬಿಡುವದು ಬಹು ಸುಲಭವಾಗಿತ್ತು. ಅರಣ್ಯದ ಮಠಕ್ಕೆ ಹೋಗಿ ಯಾರು ಪರೀಕ್ಷಿಸುತ್ತಿದ್ದರು? ಅವರು ಹಾಗೆ ಮಾಡಲಿಲ್ಲ. ಕಂಡದ್ದನ್ನು ಕಂಡಂತೆ ಅಚ್ಚು ಮಾಡಿದ್ದಲ್ಲದೆ, ಲೂಯಿಸ್ ಅಮ್ಮನವರು ಮತ್ತೆ ಮತ್ತೆ ಸೀನಾಯಿಗೆ ಹೋಗಿ, ಮೊದಲಿನವರು ಓದಲಾರದೆ ಬಿಟ್ಟ ಸಾಲುಗಳನ್ನು ಓದಿ, 1910ರಲ್ಲಿ ಇಡೀ ಪಾಠವನ್ನು ಹೊಸದಾಗಿ ಪ್ರಕಟಿಸಿದರು. ಆಗ ಅವರಿಗೆ ಅರವತ್ತೇಳು ವರ್ಷ. "ಪಂಡಿತರ ವಿಷಯ" ಎಂದು ನಾನು ಹುಡುಗಿಯ ಬಾಯಿ ಮುಚ್ಚಿಸಿದ್ದನ್ನು ನೆನೆದಾಗ, ಈ ಅಮ್ಮನವರ ಮುಂದೆ ನಾಚಿಕೆಯಾಗುವದು. ಅವರಿಗಿದ್ದ ಭಯಕ್ಕಿಂತ ನನ್ನ ಭಯವು ಎಷ್ಟೋ ಸಣ್ಣದು, ಪಾಠವು ಮುಗಿಯುವದಿಲ್ಲವೆಂಬದಷ್ಟೇ.

ಗಿಬ್ಸನ್ ಅಮ್ಮನವರ ಕೆಲಸವನ್ನು ತಂಗಿಯ ಕೆಲಸವೆಂದು ಹಿಂದೆ ಇಡುವದು ಅನ್ಯಾಯ. ಮಠದ ಅರಬ್ಬಿ ಹೊತ್ತಗೆಗಳ ಪಟ್ಟಿಯನ್ನು ಮಾಡಿದವರು ಅವರೇ. ಸುರಿಯಾನಿಯ ಪಟ್ಟಿಯು ಅಕ್ಕನದು. 1903ರಲ್ಲಿ ಅವರು ದಿದಾಸ್ಕಾಲಿಯ ಎಂಬ ಗ್ರಂಥವನ್ನು ಸುರಿಯಾನಿಯಿಂದ ಇಂಗ್ಲಿಷಿಗೆ ತಂದರು. ಇದು ಮೂರನೆಯ ಶತಮಾನದ ಒಂದು ಸಭೆಯ ನಡಾವಳಿಯ ಪುಸ್ತಕ. ಅಧ್ಯಕ್ಷನು ಹೇಗಿರಬೇಕು, ಜಗಳಗಳನ್ನು ಹೇಗೆ ತೀರಿಸಬೇಕು, ಅನಾಥರನ್ನು ಯಾರು ಸಾಕಬೇಕು ಎಂಬವೆಲ್ಲ ಅದರಲ್ಲಿವೆ. ಸ್ತ್ರೀಯರ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡುವದಕ್ಕೂ, ದೀಕ್ಷಾಸ್ನಾನದಲ್ಲಿ ಸ್ತ್ರೀಯರಿಗೆ ಸಹಾಯ ಮಾಡುವದಕ್ಕೂ ಸೇವಕಿಯರನ್ನು ನೇಮಿಸಬೇಕೆಂದು ಅದು ಹೇಳುವದು. ಆದರೆ ವಿಧವೆಯರು ಉಪದೇಶ ಮಾಡಬಾರದೆಂದೂ ಹೇಳುವದು. ಒಬ್ಬ ವಿಧವೆಯೇ ಈ ಮಾತನ್ನು ಭಾಷಾಂತರ ಮಾಡಿ ಲೋಕಕ್ಕೆ ಕಲಿಸಿದಳೆಂಬದು ನನಗೆ ಪ್ರತಿಸಾರಿಯೂ ನಗೆಯನ್ನು ತರುವದು. ಸಭಾಚರಿತ್ರೆಯೆಂದರೆ ಅರಸರ ಮತ್ತು ಮಹಾಸಭೆಗಳ ವರ್ಷಗಳನ್ನು ಉರುಹಾಕುವದೆಂದು ಭಾವಿಸುವವರು ಇಂಥ ಪುಸ್ತಕವನ್ನು ಓದಬೇಕು. ಆಗಿನ ಸಭೆಯಲ್ಲಿ ರೊಟ್ಟಿಯನ್ನು ಯಾರು ಹಂಚಿದರು, ರೋಗಿಯ ಹಾಸಿಗೆಯ ಹತ್ತಿರ ಯಾರು ಕೂತರು ಎಂಬದು ಅಲ್ಲಿ ಕಾಣುವದು.

1896ರಲ್ಲಿ ಅವರು ಪೂರ್ವದೇಶದಿಂದ ಕೊಂಡುತಂದ ಹರಿದ ಹಾಳೆಗಳಲ್ಲಿ ಒಂದನ್ನು ಶೆಕ್ಟರ್ ಎಂಬ ಯೆಹೂದ್ಯ ಪಂಡಿತರಿಗೆ ತೋರಿಸಿದರು. ಅದು ಸಿರಾಕನ ಜ್ಞಾನಗ್ರಂಥದ ಇಬ್ರಿಯ ಮೂಲದ ಹಾಳೆಯಾಗಿತ್ತು. ಶತಮಾನಗಳಿಂದ ಆ ಮೂಲವನ್ನು ಯಾರೂ ಕಂಡಿರಲಿಲ್ಲ. ಈ ಸುಳಿವನ್ನು ಹಿಡಿದು ಶೆಕ್ಟರರು ಕೈರೋವಿನ ಹಳೆಯ ಸಭಾಮಂದಿರಕ್ಕೆ ಹೋಗಿ, ಅಲ್ಲಿಯ ಭಂಡಾರದಿಂದ ತಂದ ತುಂಡುಗಳು ಸುಮಾರು 1,93,000; ಅವು ಇಂದಿಗೂ ಕೇಂಬ್ರಿಜಿನಲ್ಲಿವೆ.

ಆ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಇವರಿಗೆ ಯಾವ ಪದವಿಯನ್ನೂ ಕೊಡಲಿಲ್ಲ. 1897ರಲ್ಲಿ ಸ್ತ್ರೀಯರಿಗೆ ಪದವಿ ಕೊಡಬೇಕೆಂಬ ಸೂಚನೆ ಬಂದಾಗ, ಸೈಕಲ್ ಹತ್ತಿದ ಹೆಂಗಸಿನ ಬೊಂಬೆಯನ್ನು ಬೀದಿಯಲ್ಲಿ ತೂಗಹಾಕಿ ಹಾಸ್ಯ ಮಾಡಿದರು, ಸೂಚನೆಯು ಬಿದ್ದುಹೋಯಿತು. ಅಲ್ಲಿ ಸ್ತ್ರೀಯರಿಗೆ ಪೂರ್ಣ ಪದವಿಗಳು ದೊರೆತದ್ದು 1948ರಲ್ಲಿ. ಹಾಲೆ, ಸೇಂಟ್ ಆಂಡ್ರೂಸ್, ಹೈಡಲ್ಬರ್ಗ್, ಡಬ್ಲಿನ್ ವಿಶ್ವವಿದ್ಯಾನಿಲಯಗಳು ಮಾತ್ರ ಗೌರವಪದವಿಗಳನ್ನು ಕೊಟ್ಟವು. ಅದೇ 1897ರಲ್ಲಿ ಈ ಸಹೋದರಿಯರು ಅದೇ ಊರಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಕಾಲೇಜೆಂಬ ದೈವಜ್ಞಾನ ಶಾಲೆಗೆ ಅಸ್ತಿವಾರದ ಕಲ್ಲನ್ನಿಟ್ಟರು. ಅದರ ನೆಲವನ್ನು ಕೊಟ್ಟವರೂ ಅವರೇ. ತಾವು ಕಲಿಯಲಾಗದ ಕಡೆ ಇತರರು ಕಲಿಯಲೆಂದು ಕಟ್ಟಿಸಿದ ಮನೆ ಅದು. ಗಿಬ್ಸನ್ ಅಮ್ಮನವರು 1920ರ ಜನವರಿ 11ರಂದು, ತಾವು ಹುಟ್ಟಿದ ದಿನವೇ, ತೀರಿಹೋದರು. ಲೂಯಿಸ್ ಅಮ್ಮನವರು 1926ರ ವರೆಗೆ ಬದುಕಿದರು.

ಅವರು ಬಿಟ್ಟುಹೋದ ಕೆಲಸವು ಮುಗಿದಿಲ್ಲ. 2011ರಿಂದ 2016ರ ವರೆಗೆ ಸೀನಾಯಿಯ ಮಠದಲ್ಲಿ ಅಳಿಸಿ ಬರೆದ 74 ಹೊತ್ತಗೆಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕನ್ನು ಬಿಟ್ಟು ಚಿತ್ರ ತೆಗೆದರು. ನಾತದ ದ್ರಾವಣವು ಈಗ ಬೇಕಿಲ್ಲ. ಲೂಯಿಸ್ ಅಮ್ಮನವರು ಕೊಂಡು 1909ರಲ್ಲಿ ಪ್ರಕಟಿಸಿದ್ದ ಮತ್ತೊಂದು ಅಂಥ ಹೊತ್ತಗೆಯ ಅಡಿಯಲ್ಲಿ, ಹಿಪ್ಪಾರ್ಕಸನೆಂಬ ಪುರಾತನ ಗ್ರೀಕ್ ಜ್ಯೋತಿಷಿಯ ನಕ್ಷತ್ರಪಟ್ಟಿಯ ಭಾಗವು ಇದೆಯೆಂದು 2022ರಲ್ಲಿ ಪಂಡಿತರು ಪ್ರಕಟಿಸಿದರು.

ಇಂಥ ವಿದ್ಯೆಯನ್ನು ಕಲಿಯಬೇಕೆಂಬ ಮನಸ್ಸುಳ್ಳ ಹುಡುಗಿಗೆ ನಮ್ಮ ದೇಶದಲ್ಲಿಯೇ ದಾರಿಯುಂಟು. ಬೆಂಗಳೂರಿನಲ್ಲಿ 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇರುವದು. ಸುರಿಯಾನಿಗಾದರೆ ಕೊಟ್ಟಾಯಂ ಪಟ್ಟಣದಲ್ಲಿ ಸಂತ ಎಫ್ರೇಮನ ಹೆಸರಿನಲ್ಲಿ 1985ರಲ್ಲಿ ಆರಂಭವಾದ ಸಂಶೋಧನಾಲಯವಿರುವದು. ಮೊದಲು ಗ್ರೀಕ್ ಕಲಿಯಲಿ. ಅದಕ್ಕೂ ಮೊದಲು ಕನ್ನಡ ವ್ಯಾಕರಣವನ್ನು ಅಸಡ್ಡೆ ಮಾಡದಿರಲಿ. ವಿಭಕ್ತಿಯೆಂದರೇನೆಂದು ತಾಯಿಭಾಷೆಯಲ್ಲಿ ತಿಳಿಯದವಳು ಗ್ರೀಕಿನಲ್ಲಿ ಬಹಳ ಕಷ್ಟಪಡುವಳು.

ಹಿಂದಿನ ಬೆಂಚಿನ ಆ ಹುಡುಗಿಯು ಈಗ ದೂರದ ಊರಿನಲ್ಲಿ ದಾದಿಯ ಕೆಲಸವನ್ನು ಕಲಿಯುತ್ತಿರುವಳು. ಆಕೆಯ ವಿಳಾಸವನ್ನು ತಾಯಿಯಿಂದ ತರಿಸಿಕೊಂಡಿರುವೆನು. ಈ ಸಂಚಿಕೆಯು ಅಚ್ಚಾಗಿ ಬಂದ ಕೂಡಲೇ ಮೊದಲ ಪ್ರತಿಯನ್ನು, ಈ ಪುಟಕ್ಕೆ ಒಂದು ಗುರುತಿನ ಚೀಟಿಯನ್ನಿಟ್ಟು, ಆಕೆಗೆ ಅಂಚೆಯಲ್ಲಿ ಕಳುಹಿಸುವೆನು.